ತೂಗುಗುಂಡು

ಕೆಂಡ್ರಾ ಮೊದಲು ಗೋಡೆಗೆ ಸ್ನಾನ ಮಾಡಿಸಿದಳು.
ಸೋಪಿನ ನೀರು, ಹಳೇ ಟೀಷರ್ಟು,
ಸ್ವಿಚ್ಚಿನ ಸುತ್ತ ಯಾರದೋ ಬೆರಳ ಜಿಡ್ಡು.
ಮೂರನೇ ಬಕೆಟ್ಟಿಗೂ ನೀರು
ಚಹಾದ ಬಣ್ಣಕ್ಕೇ ತಿರುಗುತ್ತಿತ್ತು.

ಡುಲೂತ್ ಊರಿನ ಗುಡ್ಡದ ಮನೆ ಅದು.
ಕೆಳಗೆ ಸರೋವರ, ಆಚೆ ದಡ ಕಾಣದ್ದು.
ಅದಿರು ಹೊತ್ತ ಹಡಗು
ಸೇತುವೆ ಎತ್ತಿರೆಂದು ಕೂಗಿದರೆ
ಅಡುಗೆಮನೆಯ ಲೋಟಗಳು ಓಗೊಡುತ್ತವೆ.
ಬಾಡಿಗೆ ಕರಾರಿನ ಒಂಬತ್ತನೇ ಕಲಮು:
ಮೊಳೆ ಹೊಡೆಯಕೂಡದು, ಬಣ್ಣ ಬಳಿಯಕೂಡದು,
ಇದ್ದ ಗುರುತು ಉಳಿಸದೆ ಹೋಗತಕ್ಕದ್ದು.

ಅದಕ್ಕೇ ಈ ಕಾಗದ.
ಬೆನ್ನಿಗೆ ಅಂಟು ಹಚ್ಚಿಕೊಂಡೇ ಬಂದದ್ದು.
ಸುಲಿ, ಅಂಟಿಸು, ಬೇಸರವಾದರೆ ಕಿತ್ತುಕೋ
ಎಂದು ಡಬ್ಬಿಯ ಮೇಲೆ ನಗುತ್ತ ಹೇಳುವ ಹೆಂಗಸು.
ಏಳು ಸುರುಳಿ. ಕಡುಹಸಿರು ಜೊಂಡು,
ಜೊಂಡಿನ ನಡುವೆ ಒಂಟಿಕಾಲಿನ ಕೊಕ್ಕರೆ,
ಇಪ್ಪತ್ತೊಂದು ಇಂಚಿಗೊಮ್ಮೆ ಅದೇ ಕೊಕ್ಕರೆ.

ಮೊದಲ ಪಟ್ಟಿಯನ್ನು ಪೂರಾ ಸುಲಿದುಬಿಟ್ಟಳು.
ಎಂಟಡಿ ಅಂಟು ತನ್ನ ಮೈಮೇಲೆ ತಾನೇ ಬಿದ್ದು
ಕೊಕ್ಕರೆಗಳು ಬೆನ್ನಿಗೆ ಬೆನ್ನು ಹತ್ತಿಕೊಂಡು
ಮಾತು ಬಿಟ್ಟವು.
ಸ್ಟೂಲು ಬಿತ್ತು.

ಕೆಳಮನೆಯ ಮಾರ್ಲಿಸ್ ಹಕಲಾ ಹತ್ತಿ ಬಂದಳು,
ಎಪ್ಪತ್ತೆರಡು, ಪ್ರತಿ ಮೆಟ್ಟಿಲಿಗೂ ಲೆಕ್ಕ ಕೇಳುತ್ತ.
ಮೂವತ್ತೊಂದು ವರ್ಷ
ದೋಣಿಗಳಿಗೆ ಕ್ಯಾನ್ವಾಸ್ ಹೊದಿಕೆ ಹೊಲಿದವಳು.
ದೂರಲು ಬಂದವಳು ಗೋಡೆ ನೋಡಿ ನಿಂತಳು.
"ಮೂಲೆಯನ್ನು ನಂಬಿದೆಯಾ?
ಈ ಮನೆಯಲ್ಲಿ ಒಂದು ಮೂಲೆಯೂ ನೇರ ಇಲ್ಲ, ಮಗೂ.
ಗುಡ್ಡ ಜರುಗಿದಾಗೆಲ್ಲ ಇದೂ ಜರುಗಿದೆ."

ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದು
(ಹಳೇ ಅಭ್ಯಾಸ)
ಸೂರಿಗೆ ಚುಚ್ಚಿದಳು. ಪಿನ್ನಿಗೆ ದಾರ. ದಾರದ ತುದಿಗೆ
ಕೆಂಡ್ರಾಳ ಕೀಲಿಗೊಂಚಲು: ಈ ಮನೆಯದೊಂದು,
ಕಾರಿನದೊಂದು, ಇನ್ನೊಂದು
ಹಿಂದಿರುಗಿಸಬೇಕಿದ್ದೂ ಹಿಂದಿರುಗಿಸದ್ದು.
ಗೊಂಚಲು ತೂಗಿತು, ತೂಗಿತು,
ಆಮೇಲೆ ತೂಗುವುದನ್ನು ಮರೆಯಿತು.
ದಾರದಗುಂಟ ಸೀಸದಕಡ್ಡಿಯ ಗೆರೆ.
ಗೆರೆಗೂ ಮೂಲೆಗೂ ಮೇಲೆ ಎರಡು ಬೆರಳು,
ಕೆಳಗೆ ನಾಲ್ಕು.

ಅಂಗೈಯಗಲ ಸುಲಿ, ಒತ್ತು.
ಒಬ್ಬಳು ಮೇಲೆ ಹಿಡಿಯುವುದು,
ಒಬ್ಬಳು ಕೆಳಗೆ ಕೂತು ಬೆನ್ನಿನ ಕಾಗದ ಎಳೆಯುವುದು,
ಹಾವು ಪೊರೆ ಬಿಡುವಷ್ಟು ನಿಧಾನ.
ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ
ಲೈಬ್ರರಿ ಕಾರ್ಡಿಗೆ ಬಟ್ಟೆ ಸುತ್ತಿ ಉಜ್ಜುವುದು.
ಗುಳ್ಳೆ ಎದ್ದರೆ ಸೂಜಿ.
ಸೊಟ್ಟಗಾದರೆ ಕಿತ್ತು ಮತ್ತೆ ಇಡುವುದು.
"ಇವತ್ತು ಎಷ್ಟು ಸಲ ಕಿತ್ತರೂ ಸುಮ್ಮನಿರುತ್ತೆ,
ನಾಳೆಯಿಂದ ಹಟ ಹಿಡಿಯುತ್ತೆ," ಎಂದಳು ಮಾರ್ಲಿಸ್,
ಇದನ್ನು ಕಾಗದದ ಬಗ್ಗೆಯೇ ಹೇಳಿದಳು.

ಅಂಟಿಯೂ ಅಂಟದಂತಿರು ಎನ್ನುತ್ತಾರೆ ನಮ್ಮಲ್ಲಿ,
ಕೆಸುವಿನೆಲೆ ತೋರಿಸಿ, ತಾವರೆ ತೋರಿಸಿ.
ಹೇಳಿದವರು ಯಾರೂ
ಸ್ವಿಚ್‌ಬೋರ್ಡಿನ ಸುತ್ತ
ಇದನ್ನು ಕತ್ತರಿಸಿ ಕೂರಿಸಿದವರಲ್ಲ.

ಕಿಟಕಿಯ ಪಕ್ಕ ಒಂದೂವರೆ ಗೇಣು ಗೋಡೆ ಉಳಿಯಿತು,
ಕಾಗದ ಉಳಿಯಲಿಲ್ಲ.
ಚೂರುಗಳನ್ನು ನೆಲದ ಮೇಲೆ ಹರಡಿ
ಮಾರ್ಲಿಸ್ ಕನ್ನಡಕ ಏರಿಸಿದಳು.
ಒಂದರ ಕೊಕ್ಕು, ಇನ್ನೊಂದರ ರೆಕ್ಕೆ,
ಎರಡು ಬೇರೆ ಬೇರೆ ಚೂರಿನ ಎರಡು ಕಾಲು.
ಇಡೀ ಗೋಡೆಗೆ ಅದೊಂದೇ
ಎರಡೂ ಕಾಲೂರಿದ ಕೊಕ್ಕರೆ,
ಕಿಟಕಿಯ ಕಡೆ ಹೆಜ್ಜೆ ತೆಗೆದಂತಿದೆ.

ರಾತ್ರಿ ಹಡಗು ಕೂಗಿತು. ಲೋಟಗಳು ಓಗೊಟ್ಟವು.
ಮೇಲಿನ ಮೂಲೆಯಲ್ಲಿ ಚರ್ ಎಂದು
ಒಂದು ಅಂಚು ಬಿಟ್ಟುಕೊಂಡಿತು.
ಕೆಂಡ್ರಾ ದೀಪ ಹಾಕದೆ ಸ್ಟೂಲು ಹತ್ತಿ
ಅಂಗೈ ಒತ್ತಿ ನಿಂತಳು,
ಕೈಯ ಬಿಸಿ ಅಂಟಿಗೆ ಇಳಿಯುವವರೆಗೆ.
ಭುಜಕ್ಕೆ ಏನೋ ತಣ್ಣಗೆ ತಾಗಿ ತೂಗಿತು:
ಕೀಲಿಗೊಂಚಲು, ಇನ್ನೂ ಸೂರಿನಲ್ಲೇ.

ಬೆಳಿಗ್ಗೆ ಇಳಿಸಿದರಾಯಿತು.
ಪಿನ್ನಿನ ತೂತಿನ ವಿಷಯ
ಒಂಬತ್ತನೇ ಕಲಮಿಗೆ ಹೇಳುವುದು ಬೇಡ.