ನಲವತ್ತು ಟನ್ನು

ವಾಲ್ಪರೈಸೊದಲ್ಲಿ, ಬಂದರಿನ ಹಿಂದಿನ ಓಣಿಯಲ್ಲಿ,
ಬೀಗ ರಿಪೇರಿಯವನಿಗೂ ಹಲ್ಲಿನ ಡಾಕ್ಟರಿಗೂ ನಡುವೆ
ನನ್ನ ಅಂಗಡಿ. ಹಳೆಯದು ಹೊಸದು ಎರಡೂ ಮಾರುತ್ತೇನೆ.
ಶನಿವಾರ ಮಧ್ಯಾಹ್ನ, ಷಟರು ಅರ್ಧ ಎಳೆದಾಗಿತ್ತು,
ಬಗ್ಗಿ ಒಳಗೆ ಬಂದಳು ಎದೆಲ್ಮಿರಾ,
ಕ್ರೇನಿನವಳು. ಹಿಂದೆಯೇ ತಂಗಿಯ ಮಗ ಗಾಸ್ಪಾರ್,
ಕೈಯಲ್ಲಿ ಅರ್ಧ ತಿಂದ ಎಂಪನಾಡ.

"ಬರುವ ವಾರ ಮೊಣಕಾಲಿಗೆ ಆಪರೇಷನ್. ಆರು ವಾರ ರಜೆ.
ಗೋಡೆ ನೋಡಿಕೊಂಡು ಕೂರಲಾರೆ.
ಒಂದು ಆಟದ ಯಂತ್ರ ಕೊಡು."

ಹುಡುಗ ಶುರುಮಾಡಿದ: ಟೆರಾಫ್ಲಾಪು ಇಷ್ಟು,
ಸೆಕೆಂಡಿಗೆ ಫ್ರೇಮು ಇಷ್ಟು, ಮೆಮೊರಿ ಅಷ್ಟು,
ಮಗ್ಗಿ ಒಪ್ಪಿಸುವವನ ಹಾಗೆ, ಉಸಿರೇ ತೆಗೆದುಕೊಳ್ಳದೆ.
ನಾನೂ ದನಿ ಸೇರಿಸಿದೆ, ಆ ಕಪ್ಪು ಯಂತ್ರದಲ್ಲಿ
ನನಗೆ ನಾಲ್ಕು ಕಾಸು ಹೆಚ್ಚು:
"ದೂರದ ಬೆಟ್ಟ ನುಣ್ಣಗೆ ಅನ್ನುವ ಮಾತೇ ಇಲ್ಲ ಇದರಲ್ಲಿ,
ಹತ್ತು ಕಿಲೋಮೀಟರ್ ಆಚೆಯ ಬೆಟ್ಟದಲ್ಲೂ
ಒಂದೊಂದು ಕಲ್ಲು ಎಣಿಸಬಹುದು."

ಅವಳು ನಕ್ಕಳು.
"ಶಕ್ತಿಯ ಲೆಕ್ಕ ನನಗೆ ಹೇಳಬೇಡ.
ದಿನಾ ನಲವತ್ತು ಟನ್ನು ಎತ್ತುತ್ತೇನೆ, ಈ ಎರಡು ಬೆರಳಲ್ಲಿ."
ತೋರಿಸಿದಳು. ಉಗುರಿಗೆ ನೇರಳೆ ಬಣ್ಣ.

ಡೆಮೊ ಹಾಕಿದೆ. ಯಾವುದೋ ಊರಿನ ಬಂದರು, ಇರುಳು,
ಹನಿಹನಿಯಲ್ಲೂ ದೀಪ, ಸಾಲು ಸಾಲು ಕಂಟೇನರು.
ಎದೆಲ್ಮಿರಾ ಮುಂದಕ್ಕೆ ಬಾಗಿದಳು.
"ತುಕ್ಕು ಸರಿಯಾಗಿದೆ," ಎಂದಳು ಮೆಲ್ಲಗೆ,
"ಕೆಳಗಿನ ಮೂಲೆಯಿಂದಲೇ ಹಿಡಿಯುವುದು ಅದು.
ಮಾಡಿದವನು ಬಂದರಿಗೆ ಬಂದು ನೋಡಿದ್ದಾನೆ."
ಗಾಸ್ಪಾರ್ ಗೆದ್ದವನ ಮುಖ ಮಾಡಿದ.

ಕೋವಿ ಹಿಡಿದ ಆ ಗಂಡಸನ್ನು ಅವಳು ಯುದ್ಧಕ್ಕೆ ಒಯ್ಯಲಿಲ್ಲ.
ಒಂದು ನೀಲಿ ಕಂಟೇನರಿನ ಬಾಗಿಲಿಗೆ ತಂದು ನಿಲ್ಲಿಸಿದಳು.
ಗುಂಡಿ ಒತ್ತಿದಳು. ಮತ್ತೆ. ಎಲ್ಲ ಗುಂಡಿ.
ಅವನು ಹಾರಿದ, ಕೂತ, ಗುಂಡು ಹೊಡೆದ,
ಬಾಗಿಲಿಗೆ ಹಣೆ ಆನಿಸಿಕೊಂಡು
ಇದ್ದಲ್ಲೇ ಓಡುತ್ತಲೇ ಇದ್ದ.

"ತೆರೆಯಲ್ಲವಾ?"
"ಅದು ಬರೀ ಗೋಡೆ, ದೊಡ್ಡಮ್ಮ. ಒಳಗೆ ಏನೂ ಇಟ್ಟಿಲ್ಲ."

"ಇಪ್ಪತ್ತೆರಡು ವರ್ಷ," ಎಂದಳು, ನಮಗಲ್ಲ, ಪರದೆಗೆ.
"ಎತ್ತಿದ್ದೇನೆ, ಇಳಿಸಿದ್ದೇನೆ. ಒಂದರ ಒಳಗನ್ನೂ ಕಂಡಿಲ್ಲ.
ಒಮ್ಮೆ ಒಂದರ ಬಿರುಕಿನಿಂದ ಕಿತ್ತಳೆಯ ವಾಸನೆ ಬಂದಿತ್ತು,
ಅಷ್ಟೆ. ರಜೆಯಲ್ಲೂ ಅದನ್ನೇ ಮಾಡಲಾ?"

ಆಗ ನೆನಪಾಯಿತು ಕೆಳಗಿನ ಕಪಾಟಿನ ಬಿಳಿ ಯಂತ್ರ.
ಬಡಪಾಯಿ. ಗಾಸ್ಪಾರ್ ಬಾಯಲ್ಲಿ ಅದು ಕ್ಯಾಲ್ಕುಲೇಟರು.
ಅದರಲ್ಲಿ ಮಾತ್ರ, ಬೇರೆಲ್ಲೂ ಬರದ ಒಂದು ಆಟ:
ಕಡಲು ದಡಕ್ಕೆ ಪೆಟ್ಟಿಗೆ ತಂದು ಹಾಕುತ್ತದೆ,
ಒಬ್ಬ ಹುಡುಗಿ ತೆರೆಯುತ್ತಾಳೆ. ಕತೆ ಅಷ್ಟೇ.
ಅಲೆಗಳು ಮಡಿಸಿದ ಕಾಗದದಂತೆ, ಹುಡುಗಿಗೆ ಮೂಗಿಲ್ಲ.

ಮೊದಲ ಪೆಟ್ಟಿಗೆಯಲ್ಲಿ ಒಂಟಿ ಬೂಟು.
ಎರಡನೆಯದರಲ್ಲಿ ಯಾರದೋ ಕನ್ನಡಕ, ಒರೆಸುವ ಬಟ್ಟೆ ಸಮೇತ.
ಮೂರನೆಯದರಲ್ಲಿ ಮಂಜು.
ತೆರೆದದ್ದೇ ತಡ, ದಡವೆಲ್ಲ ಬೆಳ್ಳಗಾಗಿ
ಯಂತ್ರ ತಡವರಿಸಿತು, ಚಿತ್ರ ನಿಂತು ನಿಂತು ಚಲಿಸಿತು.
"ಹೇಳಲಿಲ್ಲವೇ, ಎಳೆಯಲಾರದು!" ಅಂದ ಗಾಸ್ಪಾರ್.
"ಭಾರ ಇದ್ದರೆ ತಾನೇ ತಡವರಿಸುವುದು," ಎಂದಳು,
ನೋಟು ಎಣಿಸತೊಡಗಿದಳು.

ಇಲ್ಲಿಗೇ ನಿಲ್ಲಿಸಿದ್ದರೆ ಒಳ್ಳೆಯ ನೀತಿಯಾಗುತ್ತಿತ್ತು,
ಅಂಗಡಿಯ ಗೋಡೆಗೆ ಬರೆಸಿ ಹಾಕಬಹುದಿತ್ತು.

ಐದನೆಯ ವಾರ ಕೋಲೂರಿಕೊಂಡು ಬಂದಳು.
"ಇನ್ನೂರ ಹನ್ನೊಂದು ಪೆಟ್ಟಿಗೆ. ಎಲ್ಲ ತೆರೆದಾಯಿತು.
ಇಂಥದೇ ಇನ್ನೊಂದು ಕೊಡು."
ಇಲ್ಲ. ಇದ್ದದ್ದು ಅದೊಂದೇ.
ಮಾಡಿದವರು ಚದುರಿ ಬೇರೆ ಬೇರೆ ಕೆಲಸಕ್ಕೆ ಹೋದರಂತೆ.

ಹೊರಗೆ ಹಡಗೊಂದು ಕೂಗಿತು.
ಅಭ್ಯಾಸಬಲ, ಅವಳ ಎರಡು ಬೆರಳು ಕೋಲಿನ ಹಿಡಿಯ ಮೇಲೆ
ತುಸು ಮುಂದಕ್ಕೆ, ತುಸು ಹಿಂದಕ್ಕೆ ಆಡಿದವು.
ಕಣ್ಣು ಮೇಲಿನ ಕಪಾಟಿನಲ್ಲಿತ್ತು.

"ಆ ತುಕ್ಕು," ಎಂದಳು, "ಚೆನ್ನಾಗಿತ್ತು."
ಆಮೇಲೆ, ನನ್ನತ್ತ ನೋಡದೆ:
"ಬೆಲೆ ಏನಾದರೂ ಇಳಿದಿದೆಯಾ?"