ಎರಡನೇ ನಂಬರಿನ ಬೋಟಿಗೆ ಅರ್ಥ

ಬೇತಮಂಗಲದ ಕೆರೆದಂಡೆಗೆ ಎಳೆದು
ಸೈಜುಗಲ್ಲಿನ ಮೇಲೆ ಕೂರಿಸಿದ್ದೆವು ಬೋಟನ್ನು.
ಚುಕ್ಕಾಣಿಯ ಅಂಚು ಇಲಿ ತಿಂದ ರಾಗಿರೊಟ್ಟಿ.
ಹನ್ನೊಂದು ತಿಂಗಳಲ್ಲಿ ಇದು ಎರಡನೆಯದು.

ನೀರೇ ಸರಿಯಿಲ್ಲ ಅಂದ ಮುಳಬಾಗಿಲಿನ ಮೆಕ್ಯಾನಿಕ್ಕು.
ಗಂಗಮ್ಮನಿಗೊಂದು ಕಾಯಿ ಒಡೀರಿ ಅಂದರು
ಮೀನುಗಾರರ ಸಂಘದ ಸೆಕ್ರೆಟರಿ.
ಒಡೆದೆವು. ಚಟ್ನಿ ಆಯಿತು.
ಆಮೇಲೆ ಯಾರೋ ಹೇಳಿ ಕೆಜಿಎಫ್‌ನಿಂದ ಬಂದರು
ಆರೋಕ್ಯಸ್ವಾಮಿ,
ಮೊಪೆಡ್ಡಿನ ಹಿಂದೆ ಮೀಟರಿನ ಪೆಟ್ಟಿಗೆ ಬಿಗಿದು,
ಗಣಿ ಮುಚ್ಚುವ ತನಕ ಅದರೊಳಗಿನ ಕರೆಂಟು ನೋಡಿಕೊಂಡವರು.

ಬಗ್ಗಿದರು. ಮೂಸಿದರು.
ಕೆಂಪು ಕಡ್ಡಿ ಇಲ್ಲಿ, ಕಪ್ಪು ಕಡ್ಡಿ ಅಲ್ಲಿ.
"ಈ ಬೋಟಿಗೆ ಅರ್ಥ ಇಲ್ಲಮ್ಮ" ಅಂದರು.
ಮೈ ಉರಿಯಿತು.
ಬೆಳಿಗ್ಗೆ ಆರಕ್ಕೆ ಡೀಸೆಲ್ಲು ಹುಯ್ದು
ಬಲೆಯವರ ಹಿಂದೆ, ಒಮ್ಮೊಮ್ಮೆ
ಮುಳುಗಿದ ಹುಡುಗರನ್ನು ಹುಡುಕುವವರ ಜೊತೆ
ಐದು ವರ್ಷ ಓಡಿಸಿದವಳು ನಾನು,
ಅರ್ಥ ಇಲ್ಲವಂತೆ!
ತಡವಾಗಿ ಹೊಳೆಯಿತು: ಅವರ ತಮಿಳು ನಾಲಿಗೆಯಲ್ಲಿ
ಅರ್ತೂ ಅರ್ಥವೂ
ಒಂದೇ ಗೂಟಕ್ಕೆ ಕಟ್ಟಿದ ಎರಡು ಮೇಕೆ.

"ನೀರಿನ ಮೇಲೆ ಭೂಮಿ ಎಲ್ಲಿಂದ ತರೋದು ಸಾರ್?
ನಮ್ಮನೇಲಿ ಅಂದರೆ ಗುಂಡಿ ಇದೆ, ಇದ್ದಿಲು, ಉಪ್ಪು..."

ಡೀಸೆಲ್ಲಿನಿಂದ ದೂರ ಹೋಗಿ ಬೀಡಿ ಹಚ್ಚಿದರು.
"ಗಣಿಯಲ್ಲಿ ಸುತ್ತ, ಮೇಲೆ, ಕೆಳಗೆ, ಬರೀ ಭೂಮಿ.
ಆದರೆ ಒಣಗಲ್ಲು. ಕರೆಂಟು ಕುಡಿಯೋದಿಲ್ಲ.
ಅಷ್ಟು ಆಳಕ್ಕೂ ಮೇಲಿನಿಂದ ತಾಮ್ರದ ತಂತಿಯಲ್ಲಿ
ಭೂಮಿ ಇಳಿಸುತ್ತಿದ್ದೆವು,
ಭೂಮಿಯ ಹೊಟ್ಟೆಯಲ್ಲೇ ಇದ್ದವರಿಗೆ."
ಕೆಮ್ಮಿ ನಕ್ಕರು, ಅಥವಾ ನಕ್ಕು ಕೆಮ್ಮಿದರು.

ಕಳ್ಳ ಸಿಕ್ಕಿದ್ದು ಬೋಟಿನ ತಳದಲ್ಲಿ,
ಒಸರಿದ ನೀರನ್ನು ಎತ್ತಿ ಚೆಲ್ಲುವ ಪುಟ್ಟ ಪಂಪಿನ ಹತ್ತಿರ.
ವೈರಿಗೆ ಗಂಟು, ಗಂಟಿಗೆ ಟೇಪು,
ಟೇಪು ಬಾಯಿ ಬಿಟ್ಟು ಆ ನೀರಲ್ಲೇ ಮಲಗಿತ್ತು.
ಅಲ್ಲಿಂದ ಕರೆಂಟು ಚುಕ್ಕಾಣಿಯ ಬುಡ ಹಿಡಿದು
ಕೆರೆಗೆ ಇಳಿಯುತ್ತಿತ್ತಂತೆ,
ಇಳಿಯುವಾಗ ಒಂದೊಂದು ಚಿಟಿಕೆ ಲೋಹ ಕಿತ್ತುಕೊಂಡು,
ಬ್ಯಾಟರಿಗೆ ವಾಪಸ್ಸು ಸುತ್ತು ದಾರಿಯಲ್ಲಿ.
ರಾತ್ರಿಯೆಲ್ಲ. ನಾನು ಮಲಗಿದ ಮೇಲೂ.

ಆ ಟೇಪು ಸುತ್ತಿದವಳು ನಾನೇ.
ಹೇಳಲಿಲ್ಲ.

ಗಂಟನ್ನು ಎತ್ತರಕ್ಕೆ ಕಟ್ಟಿದರು.
ಹಸಿರು ತಂತಿ ಬಿಚ್ಚಿ ಚುಕ್ಕಾಣಿಯಿಂದ ಎಂಜಿನ್ನಿಗೆ,
ಎಂಜಿನ್ನಿಂದ ಟ್ಯಾಂಕಿಗೆ, ಶಾಫ್ಟಿನ ಕುಂಚಕ್ಕೆ,
ಕೊನೆಗೆ ಬ್ಯಾಟರಿಯ ಕರಿ ಬಾಯಿಗೆ.
ಐದು ವರ್ಷ ಒಂದೇ ಮನೆಯಲ್ಲಿದ್ದು
ಮಾತಾಡದವರನ್ನು ಒಂದೇ ಪಂಕ್ತಿಗೆ ಕೂರಿಸಿದ ಹಾಗೆ.
ಪ್ರತಿ ಬೋಲ್ಟಿನಡಿಯ ಪೇಂಟು ಕೆರೆದು ಬೆಳ್ಳಗೆ ಮಾಡಿದರು:
"ಬಣ್ಣದ ಮೇಲೆ ಸಂಬಂಧ ನಿಲ್ಲಲ್ಲ."

ಕೊನೆಗೆ ಚೀಲದಿಂದ ಒಂದು ಬೂದು ತುಂಡು,
ಸೋಪಿನಷ್ಟು, ಕೈಗೆ ಹಗುರ.
"ಸಮುದ್ರಕ್ಕಾದರೆ ಸತು. ಸಿಹಿನೀರಿಗೆ ಇದು, ಮೆಗ್ನೀಸಿಯಂ.
ಉಳಿದವು ಸವೆಯೋ ಮೊದಲು ಇದು ಸವೆಯುತ್ತೆ.
ಇದಕ್ಕೆ ಮಾತ್ರ ಪೇಂಟು ಹಚ್ಚಬೇಡ,
ಹೊಳೆಯಲಿ ಅಂತ ಹಚ್ಚಿಬಿಡ್ತಾರೆ ಮುಂಡೇವು."

ಕೂಲಿ ಕೇಳಿದರೆ ಒಂದು ಸುತ್ತು ಅಂದರು.
ಕೂತರು, ಎರಡೂ ಕೈಯಲ್ಲಿ ಹಲಗೆ ಹಿಡಿದು.
ಈಜು ಬರುವುದಿಲ್ಲವೆಂದು ತಿಳಿದದ್ದು ನಡುಗೆರೆಯಲ್ಲಿ.
ನಾನು ಎಂಜಿನ್ ಆರಿಸಿದೆ.
ನೀರಕೋಳಿಯೊಂದು ಮುಳುಗಿ ಎಲ್ಲೋ ಎದ್ದಿತು.
"ಆ ಟೇಪು ನಾನೇ ಸುತ್ತಿದ್ದು ಸಾರ್" ಅಂದೆ.
"ಗೊತ್ತು" ಅಂದರು. "ಹೆಂಗಸರ ಗಂಟು,
ಜಡೆಯ ಹಾಗೆ ಎಡಕ್ಕೆ ತಿರುಗಿತ್ತು."

ಮನೆಯಲ್ಲಿ ಅವ್ವ ನಲ್ಲಿ ಮುಟ್ಟಿ ಜುಮ್ಮೆಂದಿತು ಅಂತ
ಎರಡು ವಾರದಿಂದ ಗೊಣಗುತ್ತಿದ್ದಳು.
ಹಿತ್ತಲ ಗುಂಡಿಯ ಕಲ್ಲು ಸರಿಸಿದೆ.
ಇದ್ದಿಲು ಒಣಗಿ ಬಿರುಕು ಬಿಟ್ಟಿತ್ತು.
ಒಂದು ಬಿಂದಿಗೆ ಹುಯ್ದೆ. ಗಟಗಟ ಕುಡಿಯಿತು.
ಇನ್ನೊಂದು ತರಲು ಹೋದೆ.