ಶಾಮಕ

ಬೋರ್ಡು ಕನ್ನಡದಲ್ಲೇ ಇರಬೇಕು ಎಂದರು ಇನ್‌ಸ್ಪೆಕ್ಟರು:
'ಶಾಮಕ ಔಷಧಿಗಳನ್ನು
ಚೀಟಿ ಇಲ್ಲದೆ ಕೊಡಲಾಗುವುದಿಲ್ಲ.'
ಪೇಂಟರ್ ಮುನಿಶಾಮಪ್ಪ
ಏಣಿಯ ಮೂರನೇ ಮೆಟ್ಟಿಲಲ್ಲಿ ನಿಂತು ಕೇಳಿದ,
'ಅಕ್ಕಾ, ಇದರಲ್ಲಿ ನನ್ನ ಅರ್ಧ ಹೆಸರು ಯಾಕಿದೆ?'

ಅವತ್ತಿನಿಂದ ಶುರು.
ಶಾಮಕ ಹೊಸ ಡಾಕ್ಟರಾ? ಎಷ್ಟೊತ್ತಿಗೆ ಬರ್ತಾರೆ?

ಶಿಡ್ಲಘಟ್ಟದಲ್ಲಿ ಅದಕ್ಕೆ ಬೇರೆ ಹೆಸರುಗಳಿವೆ.
ನಿದ್ದೆ ಗುಳಿಗೆ. ನರದ ಮಾತ್ರೆ. ನಿದ್ರ ಬಿಳ್ಳ.
ನೂಲು ತೆಗೆಯುವ ಕಮರುನ್ನಿಸಾ
ಬೆಂದ ಬೆರಳು ಕೌಂಟರಿನ ಮೇಲಿಟ್ಟು ಕೇಳುವುದು
'ದಿಲ್ ಠಂಡಾ ಗೋಲಿ'.
ಒಬ್ಬ ಗಂಡ ಮಾತ್ರ, ಹೆಸರು ಬೇಡ,
'ನಮ್ಮವಳು ಸುಮ್ಮನಿರೋಕೆ ಏನಾದರೂ ಕೊಡಿ' ಎಂದ.
ಸುಮ್ಮನಿರೋಕೆ.
ಅದು ಬೇರೆ ಪದ ಸ್ವಾಮಿ. ಅದಕ್ಕೆ ನಾನು ಸ್ಟಾಕ್ ಇಟ್ಟಿಲ್ಲ.

ರಾತ್ರಿ ಶಟರ್ ಎಳೆದು ನಿಘಂಟು ತೆಗೆದೆ.
ತಣಿಸುವುದು, ಇಳಿಸುವುದು, ಅಡಗಿಸುವುದು,
ಒಂದೇ ಸಾಲು, ನಡುವೆ ಬರೀ ಅಲ್ಪವಿರಾಮ.
ಹಾಲು ತಣಿಸುತ್ತೇವೆ, ಹೊರೆ ಇಳಿಸುತ್ತೇವೆ,
ಅಡಗಿಸುವುದು ಹೆಚ್ಚಾಗಿ ದನಿಯನ್ನು.
ಪುಟ ಹಿಂದೆ ತಿರುಗಿಸಿದರೆ ಶಮನ:
ಶಾಂತಿ. ಎರಡನೆಯ ಅರ್ಥ, ಯಮ.
ಅದರ ಹತ್ತಿರವೇ ಶಮಿ, ಬನ್ನಿ ಮರ,
ಹೊಟ್ಟೆಯೊಳಗೆ ಬೆಂಕಿ ಬಚ್ಚಿಟ್ಟುಕೊಂಡದ್ದು.
ಎದ್ದು ನೀರು ಕುಡಿದೆ.
ನಾನೂ ಅರ್ಧ ಮಾತ್ರೆಯವಳೇ, ಹೇಳಿಬಿಡುತ್ತೇನೆ,
ಹನ್ನೊಂದು ತಿಂಗಳಿಂದ.
ಚೀಟಿ ಇದೆ.

ಮಾರನೇ ದಿನ ಹುಳ ಸಾಕುವ ಅಕ್ಕಯಮ್ಮ
ಮಡಿಚಿ ಮಡಿಚಿ ಬಟ್ಟೆಯಾದ ಚೀಟಿ ಚಾಚಿದರು.
ಬೋರ್ಡನ್ನು ನನ್ನಿಂದಲೇ ಓದಿಸಿದರು.
'ಶಾಮಕ ಅಂದ್ರೆ?'
ಕುದಿಯೋದನ್ನ ಇಳಿಸೋದು, ಎಂದೆ.
ಅವರಿಗೆ ಒಪ್ಪಿಗೆಯಾಗಲಿಲ್ಲ.
'ನಮ್ಮ ಹುಳ ಜ್ವರಕ್ಕೆ ಕೂತಾಗ
ತಲೆ ಎತ್ತಿ ಹಂಗೇ ನಿಂತಿರ್ತಾವೆ.
ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು,
ಒಂದು ಹಗಲು ಒಂದು ರಾತ್ರಿ.
ಆಮೇಲೆ ಹಳೇ ಚರ್ಮ ಬಿಟ್ಟು ಏಳ್ತಾವೆ, ಹಸ್ಕೊಂಡು.
ನನ್ನ ಹಂಗೆ ಬಿಡೋರು ಯಾರೂ ಇಲ್ಲ ಕಣಮ್ಮ.
ಅದಕ್ಕೇ ಇದು.'

ಹತ್ತು ಎಣಿಸಿ ಕತ್ತರಿಸಿದೆ.
ಪೊಟ್ಟಣದ ಮೇಲೆ ಒಂದು ಚಂದ್ರ ಬರೆದೆ,
ಓದು ಬಾರದವರಿಗೆ ರಾತ್ರಿ ಅಂದರೆ ಚಂದ್ರ.
ಚಿಲ್ಲರೆ ಇರಲಿಲ್ಲ,
ಎರಡು ರೂಪಾಯಿಗೆ ಶುಂಠಿ ಪೆಪ್ಪರಮೆಂಟು ಕೊಟ್ಟೆ.
ಅದನ್ನು ಬಾಯಲ್ಲಿಟ್ಟುಕೊಂಡು
ಬೋರ್ಡಿನ ಕೆಳಗಿನ ಮೆಟ್ಟಿಲ ಮೇಲೆ
ತಲೆ ಎತ್ತಿ ಹಾಗೇ ಕೂತರು.
ಬಸ್ಸೊಂದು ಬಂದು ಹೋಯಿತು.
ಹಿಂದೆ ನಿಂತ ಗಿರಾಕಿ
'ಸ್ವಲ್ಪ ಸರೀಮ್ಮ' ಎನ್ನಲು ಬಾಯಿ ತೆರೆದ.
ನಾನು ಕೈ ಅಡ್ಡ ಹಿಡಿದೆ.